ಸೂರು ಹೊತ್ತ ಮರದ ಸೇತುವೆ: ಚರಿತ್ರೆ ತಿಳಿದು ದುರಸ್ತಿಗೆ ಕೈಹಾಕುವ ಬಗೆ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾರ್ನಿಷ್ ಮತ್ತು ವರ್ಮಾಂಟ್ ರಾಜ್ಯದ ವಿಂಡ್ಸರ್ ಎಂಬ ಊರುಗಳ ನಡುವೆ ಕನೆಕ್ಟಿಕಟ್ ನದಿ ಹರಿಯುತ್ತದೆ. ಆ ನದಿಗೆ 1866ರಲ್ಲಿ ಕಟ್ಟಿದ ಮರದ ಸೇತುವೆಯ ಬಾಗಿಲ ನೆತ್ತಿಯಲ್ಲಿ ಒಂದು ಫಲಕವಿದೆ: ಕುದುರೆಗಳನ್ನು ನಡೆಸಿಕೊಂಡು ಹೋಗಿ, ತಪ್ಪಿದರೆ ಎರಡು ಡಾಲರ್ ದಂಡ. ಒಂದೇ ಲಯದಲ್ಲಿ ಓಡುವ ಗೊರಸುಗಳ ಹೊಡೆತ ಮರದ ಕೀಲುಗಳನ್ನು ಸಡಿಲಿಸುತ್ತದೆ ಎಂಬುದು ಕಟ್ಟಿದವರಿಗೆ ಗೊತ್ತಿತ್ತು. ಆ ಫಲಕದ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಮಾತ್ರ ಬೇರೆ. ಸೇತುವೆಗೆ ಮನೆಯಂತೆ ಮಾಡು ಏಕೆ? ಮಳೆ ಬಂದರೆ ನಿಲ್ಲುವುದಕ್ಕೆಂದೂ, ಹೊಳೆ ಕಂಡು ದನಕರು ಬೆದರಬಾರದೆಂದೂ ಹತ್ತಾರು ಉತ್ತರಗಳು ಚಾಲ್ತಿಯಲ್ಲಿವೆ. ನಿಜವಾದ ಉತ್ತರ ಇಷ್ಟೇ: ಸೂರು ಇರುವುದು ದಾಟುವವರಿಗಾಗಿ ಅಲ್ಲ, ಅದು ಸೇತುವೆಯ ಭಾರ ಹೊರುವ ಮರಗಳನ್ನು ಒಣಗಿಸಿಟ್ಟುಕೊಳ್ಳಲು ಮಾಡಿದ ಏರ್ಪಾಡು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಬರುವ ಕೆಲಸಗಳೆಲ್ಲ ತಾವಾಗಿ ಒಂದು ಕ್ರಮಕ್ಕೆ ಬರುತ್ತವೆ.

ಅಮೆರಿಕದಲ್ಲಿ ಮೊದಲು ಸೂರು ಕಂಡ ದೊಡ್ಡ ಸೇತುವೆಯೆಂದು ಹೆಸರಾದದ್ದು ಫಿಲಡೆಲ್ಫಿಯಾದ ಸ್ಕೂಲ್‌ಕಿಲ್ ನದಿಯ ಮೇಲೆ 1805ರಲ್ಲಿ ತೆರೆದ ಪರ್ಮನೆಂಟ್ ಬ್ರಿಡ್ಜ್. ಅದನ್ನು ಕಟ್ಟಿದ ಟಿಮೊತಿ ಪಾಮರ್ ಮೂಲತಃ ಅದಕ್ಕೆ ಸೂರನ್ನು ಯೋಚಿಸಿರಲಿಲ್ಲ. ಸೇತುವೆ ಕಂಪನಿಯ ಅಧ್ಯಕ್ಷರಾಗಿದ್ದ ನ್ಯಾಯಾಧೀಶ ರಿಚರ್ಡ್ ಪೀಟರ್ಸ್ ಅದಕ್ಕೆ ಒತ್ತಾಯಿಸಿದರು. ಬರಿಮೈಯಲ್ಲಿ ಬಿಟ್ಟರೆ ಹತ್ತು ಹನ್ನೆರಡು ವರ್ಷಕ್ಕೆ ಹಾಳಾಗುವ ಸೇತುವೆ ಚೆನ್ನಾಗಿ ಮುಚ್ಚಿದರೆ ಮೂವತ್ತು, ನಲವತ್ತು ವರ್ಷ ಬಾಳೀತು ಎಂದು ಪಾಮರ್ ಆಮೇಲೆ ಬರೆದರು. ಅವರ ಅಂದಾಜು ತೀರ ಸಂಕೋಚದ್ದಾಗಿತ್ತು; ಕಾರ್ನಿಷ್–ವಿಂಡ್ಸರ್ ಸೇತುವೆಗೆ ಈಗ 150 ವರ್ಷ ದಾಟಿದೆ. ಮಲೆನಾಡಿನಲ್ಲಿ ಅಡಿಕೆ ಮರದ ಕಾಲುಸಂಕವನ್ನು ಕೆಲವು ಮಳೆಗಾಲಕ್ಕೊಮ್ಮೆ ಹೊಸದಾಗಿ ಹಾಕಬೇಕಾಗುವುದನ್ನೂ, ಅದೇ ಊರಿನ ಮನೆಯ ಒಳಗಿನ ತೊಲೆ ಕಂಬಗಳು ತಲೆಮಾರುಗಳನ್ನು ದಾಟುವುದನ್ನೂ ಕಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಸೇರಿದ ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಇಂಥ ಸೇತುವೆಗಳು ಬಹುಮಟ್ಟಿಗೆ ಆಯಾ ಊರಿನ ಆಸ್ತಿ. ವರ್ಮಾಂಟಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರದ ಊರಸಭೆಯಲ್ಲಿ ರಸ್ತೆ, ಶಾಲೆಗಳ ಖರ್ಚಿನ ಜೊತೆಗೆ ಸೇತುವೆಯ ದುರಸ್ತಿಯೂ ಚರ್ಚೆಗೆ ಬರುತ್ತದೆ. ಅಲ್ಲಿ ನೆಲೆಸಿ, ತೆರಿಗೆ ಕಟ್ಟಿ, ಮತ ಹಾಕುವ ಕನ್ನಡಿಗರಿಗೂ ಈ ವಿಷಯದಲ್ಲಿ ಕೈ ಎತ್ತುವ ಸಂದರ್ಭ ಬರಬಹುದು. ಈ ಬರಹ ಅಂಥವರಿಗೆ, ಮತ್ತು ಹಳೆಯ ಮರದ ಕಟ್ಟಡ ಯಾವುದೇ ಇರಲಿ, ಅದನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ. ಎಂಜಿನಿಯರು ಮಾಡಬೇಕಾದ ಲೆಕ್ಕವನ್ನು ಎಂಜಿನಿಯರೇ ಮಾಡಬೇಕು. ಆದರೆ ಅವರಿಗೆ ಏನು ಕೇಳಬೇಕು, ಅವರು ಬರುವ ಮುನ್ನ ಏನು ನೋಡಿಟ್ಟಿರಬೇಕು ಎಂಬುದು ಊರಿನವರ ಪಾಲಿನ ಕೆಲಸ.

ಮೊದಲು ಸೇತುವೆಯ ಜಾತಕ

ಸುತ್ತಿಗೆ ಹಿಡಿಯುವ ಮುನ್ನ ಕಾಗದ ಹುಡುಕಿ. ಸೇತುವೆ ಯಾವಾಗ ಕಟ್ಟಿದ್ದು, ಯಾರು ಕಟ್ಟಿದರು, ಎಷ್ಟು ಸಲ ರಿಪೇರಿಯಾಯಿತು ಎಂಬುದು ತಿಳಿಯದೆ ಕೈಹಾಕಿದರೆ, ಹಿಂದಿನವರು ಕಾರಣವಿಟ್ಟೇ ಹಾಕಿದ ಮರವನ್ನು ಅನಾವಶ್ಯಕವೆಂದು ಕಿತ್ತು ಹಾಕುವ ಅಪಾಯವಿದೆ. ಊರಿನ ವಾರ್ಷಿಕ ವರದಿಗಳಲ್ಲಿ ಹಲಗೆ, ಮೊಳೆ, ಕೂಲಿಯ ಲೆಕ್ಕ ಸಿಗುತ್ತದೆ. ಸುಂಕದ ಸೇತುವೆಯಾಗಿದ್ದರೆ ಕಂಪನಿಯ ಪುಸ್ತಕಗಳಿರುತ್ತವೆ. ಹಳೆಯ ಅಂಚೆ ಕಾರ್ಡುಗಳ ಚಿತ್ರಗಳು ಪಕ್ಕದ ಹಲಗೆಗಳು ಯಾವ ಎತ್ತರದವರೆಗೆ ಇದ್ದವು, ಕಿಟಕಿಗಳು ಇದ್ದವೇ, ಮಾಡಿಗೆ ಏನು ಹೊದಿಸಿದ್ದರು ಎಂಬುದನ್ನು ಯಾವ ದಾಖಲೆಗಿಂತಲೂ ಸ್ಪಷ್ಟವಾಗಿ ಹೇಳುತ್ತವೆ. ಹಿಸ್ಟಾರಿಕ್ ಅಮೆರಿಕನ್ ಎಂಜಿನಿಯರಿಂಗ್ ರೆಕಾರ್ಡ್ ಎಂಬ ಸರ್ಕಾರಿ ಯೋಜನೆ ಅನೇಕ ಸೇತುವೆಗಳನ್ನು ಅಳೆದು ನಕ್ಷೆ ಬರೆದಿದೆ. ಆ ನಕ್ಷೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಯಾರಿಗಾದರೂ ಸಿಗುತ್ತವೆ.

ಈ ಸೇತುವೆಗಳಿಗೆ ಸಂಖ್ಯೆಗಳೂ ಇವೆ. ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ), ಸೇತುವೆ ಎಂಬ ಮೂರು ಭಾಗಗಳ ಸಂಖ್ಯೆಯಲ್ಲಿ ವರ್ಮಾಂಟಿನದು 45ರಿಂದ, ನ್ಯೂ ಹ್ಯಾಂಪ್‌ಶೈರಿನದು 29ರಿಂದ ಆರಂಭವಾಗುತ್ತದೆ. ಹಳೆಯದು ನಾಶವಾಗಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟಿದ್ದರೆ ಸಂಖ್ಯೆಯ ಕೊನೆಗೆ 2 ಎಂದು ಸೇರಿಸುತ್ತಾರೆ. ನೋಡಲು ಸಣ್ಣ ವಿಷಯ, ಆದರೆ ಮೂಲ ಯಾವುದು, ಪ್ರತಿಕೃತಿ ಯಾವುದು ಎಂಬ ಪ್ರಾಮಾಣಿಕತೆ ಅದರಲ್ಲಿದೆ.

ಕಾರ್ನಿಷ್–ವಿಂಡ್ಸರ್ ಸೇತುವೆಯ ಜಾತಕವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದು ಆ ಜಾಗದ ನಾಲ್ಕನೆಯ ಸೇತುವೆ; ಹಿಂದಿನವು 1796, 1824 ಮತ್ತು 1828ರಲ್ಲಿ ಕಟ್ಟಿ, ನೆರೆಗೆ ಸಿಕ್ಕಿ ಹೋದವು. ಅಲ್ಲಿಗೇ ಒಂದು ಪಾಠ ಸಿಕ್ಕಿತು: ಆ ಜಾಗದ ದೊಡ್ಡ ಶತ್ರು ಹೊಳೆ. 1866ರಲ್ಲಿ ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್ ಸೇರಿ 9,000 ಡಾಲರ್ ಖರ್ಚಿನಲ್ಲಿ ಈಗಿನದನ್ನು ನಡುವೆ ಒಂದು ಕಂಬ ಕೊಟ್ಟು ಎರಡು ಅಂಕಣಗಳಾಗಿ, ಒಟ್ಟು ಸುಮಾರು 450 ಅಡಿ ಉದ್ದಕ್ಕೆ ಕಟ್ಟಿದರು. ಅದು ಖಾಸಗಿ ಕಂಪನಿಯ ಸುಂಕದ ಸೇತುವೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯ 1936ರಲ್ಲಿ ಕೊಂಡಿತು, 1943ರಲ್ಲಿ ಸುಂಕ ನಿಲ್ಲಿಸಿತು. ಆ ವೇಳೆಗೆ ಕುದುರೆಗಳ ಜಾಗಕ್ಕೆ ಕಾರುಗಳು ಬಂದಿದ್ದವು. 1970ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಅದನ್ನು ಚಾರಿತ್ರಿಕ ಹೆಗ್ಗುರುತೆಂದು ಸಾರಿತು. 1987ರಲ್ಲಿ ವಾಹನಗಳಿಗೆ ಮುಚ್ಚಿ, ದೊಡ್ಡ ದುರಸ್ತಿಯ ನಂತರ 1989ರಲ್ಲಿ ಮತ್ತೆ ತೆರೆದರು. ಒಂದು ಪುಟದಲ್ಲಿ ಹಿಡಿಯುವ ಇಂಥ ಜಾತಕವನ್ನು ನಿಮ್ಮ ಸೇತುವೆಗೂ ಬರೆದು, ಪ್ರತಿ ತಾರೀಖಿನ ಎದುರು ಅದಕ್ಕೆ ಆಧಾರವೇನೆಂದು ಗುರುತು ಹಾಕಿಡಿ.

ಭಾರ ಯಾವ ದಾರಿಯಲ್ಲಿ ಇಳಿಯುತ್ತದೆ

ಒಳಗೆ ನಿಂತು ಗೋಡೆಯ ಕಡೆ ನೋಡಿ. ಹೊರಗಿನ ಹಲಗೆಗಳು ಬರಿಯ ಮರೆ, ಅಂಗಿ ಇದ್ದ ಹಾಗೆ. ಅವುಗಳ ಒಳಗೆ, ದಾರಿಯ ಎರಡೂ ಬದಿಗೆ, ದಡದಿಂದ ದಡಕ್ಕೆ ಚಾಚಿರುವ ದಪ್ಪ ಮರದ ಚೌಕಟ್ಟೇ ಟ್ರಸ್. ನಿಜವಾದ ಸೇತುವೆ ಅದು. ಅದರ ತಲೆಯ ಮೇಲೊಂದು, ಕಾಲ ಕೆಳಗೊಂದು ಉದ್ದನೆಯ ತೊಲೆಗಳಿರುತ್ತವೆ. ಗಾಡಿ ಬಂದಾಗ ಮೇಲಿನ ತೊಲೆ ಒತ್ತಿಸಿಕೊಳ್ಳುತ್ತದೆ, ಕೆಳಗಿನ ತೊಲೆ ಎಳೆಸಿಕೊಳ್ಳುತ್ತದೆ. ಮರ ಒತ್ತಡವನ್ನು ಸುಲಭವಾಗಿ ತಡೆಯುತ್ತದೆ. ಎಳೆತದಲ್ಲಿ ಮರ ಗಟ್ಟಿಯೇ ಆದರೂ, ಎರಡು ತುಂಡುಗಳನ್ನು ಕೂಡಿಸಿದ ಜಾಗ ಅಷ್ಟು ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಹಳೆಯ ಸೇತುವೆಗಳ ಕಷ್ಟಗಳಲ್ಲಿ ಹೆಚ್ಚಿನವು ಕೆಳಗಿನ ತೊಲೆಯ ಕೂಡುಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಟ್ರಸ್ಸಿನ ಬಗೆಯನ್ನು ಗುರುತಿಸುವುದು ಕಷ್ಟವಲ್ಲ. ನಡುವೆ ಒಂದೇ ನೆಟ್ಟ ಕಂಬ, ಅದರ ನೆತ್ತಿಗೆ ಎರಡು ಕಡೆಯಿಂದ ಓರೆ ಮರ ಬಂದಿದ್ದರೆ ಅದು ಕಿಂಗ್‌ಪೋಸ್ಟ್. ಸಣ್ಣ ಹಳ್ಳಗಳಿಗೆ ಸಾಕು. ಎರಡು ಕಂಬಗಳಿದ್ದು ಅವುಗಳ ನಡುವೆ ಮೇಲೆ ಅಡ್ಡಮರವಿದ್ದರೆ ಕ್ವೀನ್‌ಪೋಸ್ಟ್. ಕಂಬ–ಓರೆಗಳ ಸಾಲಿನ ಮೇಲೆ ದಡದಿಂದ ದಡಕ್ಕೆ ಕಮಾನಿನಂತೆ ಬಾಗಿದ ಮರಗಳನ್ನು ಕಟ್ಟಿದ್ದರೆ ಅದು ಥಿಯೊಡೋರ್ ಬರ್ ರೂಪಿಸಿದ ಬಗೆ. ನೆಟ್ಟ ಕಂಬಗಳ ಬದಲು ಕಬ್ಬಿಣದ ಸರಳುಗಳು ಕಂಡರೆ ವಿಲಿಯಂ ಹೋವ್ 1840ರಲ್ಲಿ ಪೇಟೆಂಟ್ ಪಡೆದ ಟ್ರಸ್. ಮರದ ಸೇತುವೆಯಿಂದ ಕಬ್ಬಿಣದ ಸೇತುವೆಯ ಕಡೆಗೆ ಹೊರಳಿದ ಘಟ್ಟ ಅದು.

ನನಗೆ ಬಹಳ ಇಷ್ಟವಾದದ್ದು ಇಥಿಯಲ್ ಟೌನ್ 1820ರಲ್ಲಿ ಪೇಟೆಂಟ್ ಪಡೆದ ಜಾಲರಿ ಟ್ರಸ್. ಅವರು ವಾಸ್ತುಶಿಲ್ಪಿ. ದಪ್ಪ ದಿಮ್ಮಿಗಳೂ ನುರಿತ ಬಡಗಿಗಳೂ ಬೇಕಿಲ್ಲದೆ, ಗರಗಸದ ಗಿರಣಿಯಿಂದ ಬಂದ ಒಂದೇ ಅಳತೆಯ ಹಲಗೆಗಳನ್ನು ಓರೆಯಾಗಿ ಒಂದರ ಮೇಲೊಂದು ಹೆಣೆದು, ಕೂಡಿದ ಜಾಗಗಳಲ್ಲಿ ಬೈರಿಗೆಯಿಂದ ತೂತು ಕೊರೆದು ಓಕ್ ಮರದ ಗೂಟಗಳನ್ನು ಜಡಿದರೆ ಸೇತುವೆ ಸಿದ್ಧ. ಬಳಸುವವರಿಂದ ಅಡಿಗೆ ಒಂದು ಡಾಲರ್‌ನಂತೆ ಗೌರವಧನ ವಸೂಲಿ ಮಾಡುತ್ತಿದ್ದರು. ಈ ಬಗೆಯ ಸೇತುವೆಯೊಳಗೆ ನಿಂತರೆ ಬಿದಿರು ತಟ್ಟಿಯ ಬದಿಯಲ್ಲಿ ನಿಂತ ಹಾಗಿರುತ್ತದೆ. ಯಾವುದೋ ಒಂದು ಹಲಗೆ ಸೋತರೂ ಅಕ್ಕಪಕ್ಕದವು ಭಾರವನ್ನು ಹಂಚಿಕೊಳ್ಳುತ್ತವೆ. ಅದೇ ಕಾರಣಕ್ಕೆ ಎಲ್ಲೋ ಒಂದು ಕಡೆ ಕೊಳೆತಿದೆ ಎಂಬುದು ಬಹಳ ಕಾಲ ಹೊರಗೆ ತೋರುವುದೂ ಇಲ್ಲ. ಕಾರ್ನಿಷ್–ವಿಂಡ್ಸರ್ ಕೂಡ ಈ ಜಾತಿಯದೇ. ಆದರೆ ಟಾಸ್ಕರ್ ಹಲಗೆಗಳ ಬದಲು ದಪ್ಪ ಚೌಕ ಮರಗಳನ್ನು ಕಚ್ಚು ತೆಗೆದು ಕೂರಿಸಿದರು.

ನಿಮ್ಮ ಸೇತುವೆ ಯಾವ ಬಗೆಯದೆಂದು ಗೊತ್ತಾದ ಮೇಲೆ ಒಂದು ಹಾಳೆಯ ಮೇಲೆ ಟ್ರಸ್ಸಿನ ಗೆರೆಚಿತ್ರ ಬರೆದು, ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಡಿ. ಹೊಳೆಯ ಮೇಲ್ಮಗ್ಗುಲು, ಕೆಳಮಗ್ಗುಲು ಎಂದು ಎರಡು ಟ್ರಸ್‌ಗಳನ್ನು ಬೇರೆ ಬೇರೆ ಬರೆಯಿರಿ. ಮುಂದಿನ ಎಲ್ಲ ಟಿಪ್ಪಣಿಗಳೂ ಈ ಸಂಖ್ಯೆಗಳಿಗೆ ಅಂಟಿಕೊಂಡಿರಬೇಕು.

ನೀರಿನ ಜಾಡು

ತೇವ ಶೇಕಡಾ 20ಕ್ಕಿಂತ ಕೆಳಗಿರುವ ಮರ ಕೊಳೆಯುವುದಿಲ್ಲ. ಅದು 30ರ ಆಸುಪಾಸು ಮುಟ್ಟಿ ಅಲ್ಲೇ ನಿಂತರೆ ಶಿಲೀಂಧ್ರಕ್ಕೆ ಹಬ್ಬ. ಹಾಗಾಗಿ ಸೇತುವೆಯನ್ನು ಪರೀಕ್ಷಿಸುವುದೆಂದರೆ ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹುಡುಕುವುದು. ಇದಕ್ಕೆ ಬಿಸಿಲಿನ ದಿನ ಪ್ರಯೋಜನವಿಲ್ಲ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹೋಗಿ, ಒಳಗೆ ಅರ್ಧ ಗಂಟೆ ನಿಂತು ನೋಡಿ. ಮಾಡಿನಿಂದ ತೊಟ್ಟಿಕ್ಕುವ ಹನಿ, ಕಳಚಿದ ಪಕ್ಕದ ಹಲಗೆಯಿಂದ ಬೀಸುವ ಎರಚಲು, ರಸ್ತೆಯ ಇಳಿಜಾರಿನಲ್ಲಿ ಹರಿದು ಬಾಗಿಲೊಳಗೆ ನುಗ್ಗುವ ಕೆಸರು ನೀರು, ಮೂರನ್ನೂ ಹಾಳೆಯ ಮೇಲೆ ಗುರುತು ಮಾಡಿ. ಸಾಮಾನ್ಯವಾಗಿ ಎಲ್ಲರೂ ಮಾಡನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ. ಆದರೆ ಹೆಚ್ಚು ಹಾನಿ ಮಾಡುವುದು ಮೂರನೆಯದು, ರಸ್ತೆಯ ನೀರು.

ಅದು ಏಕೆಂದು ತಿಳಿಯಲು ಸೇತುವೆಯ ತುದಿಗೆ, ದಡದ ಕಲ್ಲುಕಟ್ಟಡದ ಹತ್ತಿರ ಕೆಳಗಿಳಿಯಿರಿ. ಟ್ರಸ್ಸಿನ ಕೆಳತೊಲೆಯ ತುದಿ ಕಲ್ಲಿನ ಮೇಲೆ ಕೂರುವ ಜಾಗ ಕತ್ತಲು, ತಂಪು, ಗಾಳಿ ಆಡದ ಮೂಲೆ. ಗಾಡಿಗಳ ಚಕ್ರಕ್ಕೆ ಅಂಟಿ ಬಂದ ಮಣ್ಣು, ಎಲೆ, ಚಳಿಗಾಲದಲ್ಲಿ ರಸ್ತೆಗೆ ಎರಚಿದ ಮರಳು ಎಲ್ಲವೂ ನೆಲಹಲಗೆಯ ಸಂದಿಯಿಂದ ಇಳಿದು ಅಲ್ಲಿ ರಾಶಿಯಾಗಿರುತ್ತದೆ. ಆ ರಾಶಿ ಒದ್ದೆ ಗೋಣಿಚೀಲದ ಹಾಗೆ ವರ್ಷವಿಡೀ ಮರವನ್ನು ಅಪ್ಪಿಕೊಂಡಿರುತ್ತದೆ. ಮಣ್ಣನ್ನು ಕೈಯಿಂದ ಸರಿಸಿ ಬೆಳಕು ಹಿಡಿದರೆ ತೊಲೆಯ ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿದ್ದರೂ ಅಚ್ಚುಕಟ್ಟಾಗಿಯೇ ಕಾಣಬಹುದು. ಸುತ್ತಿಗೆಯಿಂದ ತಟ್ಟಿ ನೋಡಿ: ಗಟ್ಟಿ ಮರ ಟಣ್ ಎನ್ನುತ್ತದೆ, ಒಳಗೆ ಲಡ್ಡಾಗಿದ್ದರೆ ದಬ್ ಎಂದು ಸದ್ದನ್ನೇ ನುಂಗುತ್ತದೆ. ಸಂಶಯ ಬಂದ ಕಡೆ ದಬ್ಬಳದಂಥ ಚೂಪು ಮೊನೆಯನ್ನು ಒತ್ತಿ. ಒಳ್ಳೆಯ ಮರದಲ್ಲಿ ಅದು ಕಾಲು ಅಂಗುಲವೂ ಇಳಿಯದೆ ನಿಲ್ಲುತ್ತದೆ. ಕೊಳೆತ ಮರದಲ್ಲಿ ಹಿಡಿಯವರೆಗೆ ಹೋಗಿ, ಹೊರಗೆಳೆದಾಗ ಮೊನೆಗೆ ಕಂದು ಬಣ್ಣದ ಪುಡಿ ಅಂಟಿಕೊಂಡು ಬರುತ್ತದೆ. ಚೌಕ ಚೌಕವಾಗಿ ಬಿರುಕು ಬಿಟ್ಟು, ಬೆರಳಿನಲ್ಲಿ ತಿಕ್ಕಿದರೆ ಪುಡಿಯಾಗುವ ಮರದಲ್ಲಿ ಶಕ್ತಿ ಉಳಿದಿಲ್ಲವೆಂದೇ ಲೆಕ್ಕ.

ಕೊಳೆತವೆಲ್ಲ ಒಂದೇ ತೂಕದ್ದಲ್ಲ ಎಂಬುದನ್ನೂ ಮರೆಯಬಾರದು. ಕಲ್ಲಿಗೂ ಟ್ರಸ್ಸಿಗೂ ನಡುವೆ ಹಿಂದಿನವರು ಅಡ್ಡಡ್ಡ ಹಾಸುಮರಗಳನ್ನು ಇಟ್ಟಿರುತ್ತಾರೆ. ಅವು ಕೊಳೆಯಲಿ, ಟ್ರಸ್ ಉಳಿಯಲಿ ಎಂದೇ ಇಟ್ಟವು. ಅವುಗಳನ್ನು ಬದಲಿಸುವುದು ಚಪ್ಪಲಿಗೆ ಅಟ್ಟೆ ಬದಲಿಸಿದ ಹಾಗೆ. ಅದೇ ಕೊಳೆ ಕೆಳತೊಲೆಯನ್ನು ಹೊಕ್ಕಿದ್ದರೆ ಅದು ದೊಡ್ಡ ಕೆಲಸ. ಸಣ್ಣ ದುಂಡು ತೂತುಗಳೂ ಕೆಳಗೆ ಹಿಟ್ಟಿನಂಥ ಪುಡಿಯೂ ಕಂಡರೆ ಕುಟ್ಟೆ ಹುಳ. ಒರಟು ಮರದ ಹೊಟ್ಟು ರಾಶಿಯಾಗಿದ್ದರೆ ಮರ ಕೊರೆಯುವ ಕಪ್ಪು ಇರುವೆ. ಇರುವೆಗಳು ಒದ್ದೆ ಮರವನ್ನೇ ಹುಡುಕಿ ಬರುವುದರಿಂದ ಅವನ್ನು ಕಂಡಾಗ ಔಷಧಿಗೆ ಮುನ್ನ ನೀರಿನ ಮೂಲವನ್ನು ಹುಡುಕಬೇಕು. ಒಳಗಿನ ಟೊಳ್ಳು ಎಷ್ಟೆಂದು ನಿಖರವಾಗಿ ತಿಳಿಯಲು ಎಂಜಿನಿಯರುಗಳ ಬಳಿ ಕೂದಲೆಳೆಯಂಥ ಸೂಜಿಯಿಂದ ಕೊರೆದು, ಮರ ಕೊಡುವ ತಡೆಯನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವಿದೆ. ಅದನ್ನು ತರಿಸುವಂತೆ ಕೇಳಿ.

ಇನ್ನು ಜೋಲು. ಈ ಸೇತುವೆಗಳನ್ನು ಕಟ್ಟುವಾಗಲೇ ನಡುವೆ ಸ್ವಲ್ಪ ಮೇಲಕ್ಕೆ ಉಬ್ಬಿಸಿರುತ್ತಾರೆ, ಕಾಲಾಂತರದಲ್ಲಿ ಕುಗ್ಗಿದರೂ ಮಟ್ಟಕ್ಕೆ ಬಂದು ನಿಲ್ಲಲೆಂದು. ಕೆಳತೊಲೆಯ ಎರಡು ತುದಿಗಳಿಗೆ ಮೊಳೆ ಹೊಡೆದು ದಾರವನ್ನು ಬಿಗಿಯಾಗಿ ಕಟ್ಟಿ, ಪ್ರತಿ ಹತ್ತು ಅಡಿಗೆ ದಾರಕ್ಕೂ ತೊಲೆಗೂ ಇರುವ ಅಂತರವನ್ನು ಅಳೆಯಿರಿ. ಉದ್ದ ಹೆಚ್ಚಿದ್ದರೆ ದಾರವೇ ಜೋತು ಬೀಳುವುದರಿಂದ ಸರ್ವೆಯವರ ಮಟ್ಟದ ಯಂತ್ರ ಬೇಕು. ಟ್ರಸ್ ಪಕ್ಕಕ್ಕೆ ವಾಲಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಿ. ಒಮ್ಮೆ ತೆಗೆದ ಅಳತೆಯಿಂದ ಏನೂ ತಿಳಿಯುವುದಿಲ್ಲ. ನೂರು ವರ್ಷದಿಂದ ನಾಲ್ಕು ಅಂಗುಲ ಜೋತು ನಿಂತ ಸೇತುವೆಗೆ ಹೆದರಬೇಕಿಲ್ಲ. ಹೋದ ವರ್ಷಕ್ಕಿಂತ ಈ ವರ್ಷ ಅರ್ಧ ಅಂಗುಲ ಹೆಚ್ಚು ಜೋತದ್ದಕ್ಕೆ ಹೆದರಬೇಕು.

ದುರಸ್ತಿ

ಹಳೆಯ ಮರವನ್ನು ಎಷ್ಟು ಸಾಧ್ಯವೋ ಅಷ್ಟು ಉಳಿಸುವುದು, ತೆಗೆಯಲೇಬೇಕಾದರೆ ಅದೇ ಜಾತಿಯ, ಅದೇ ಅಳತೆಯ ಮರ ಹಾಕುವುದು, ಇವು ಮೂಲ ನಿಯಮಗಳು. ತೊಲೆಯ ತುದಿ ಎರಡು ಅಡಿ ಕೊಳೆತಿದ್ದರೆ ಮೂವತ್ತು ಅಡಿಯ ತೊಲೆಯನ್ನು ಇಡಿಯಾಗಿ ತೆಗೆದೆಸೆಯಬೇಕಾಗಿಲ್ಲ. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು, ಉಳಿದ ಭಾಗಕ್ಕೆ ಹೊಸ ಮರವನ್ನು ಓರೆ ಕಚ್ಚಿನಲ್ಲಿ ಕೂಡಿಸುವ ವಿದ್ಯೆ ಬಡಗಿಗಳಿಗೆ ಗೊತ್ತು. ಹೊಸ ಮರ ಒಣಗಿದ್ದಿರಲಿ. ಹಸಿ ಮರ ಕೂಡಿಸಿದ ಮೇಲೆ ಕುಗ್ಗಿ ಕಚ್ಚುಗಳು ಬಾಯಿಬಿಡುತ್ತವೆ. ಗೂಟಗಳಿಗಂತೂ ಇದು ಇನ್ನೂ ಮುಖ್ಯ: ಚೆನ್ನಾಗಿ ಒಣಗಿಸಿದ ಓಕ್ ಗೂಟವನ್ನು ಜಡಿದರೆ ಅದು ಗಾಳಿಯ ತೇವಕ್ಕೆ ಕೊಂಚ ಉಬ್ಬಿ ತೂತಿನಲ್ಲಿ ಬಿಗಿಯುತ್ತದೆ, ಹಸಿ ಗೂಟ ದಿನಕಳೆದಂತೆ ಸಡಿಲವಾಗುತ್ತದೆ. ಹೊಸದಾಗಿ ಹಾಕಿದ ಪ್ರತಿ ಮರದ ಮೇಲೂ, ದಾಟುವವರ ಕಣ್ಣಿಗೆ ಬೀಳದ ಮಗ್ಗುಲಲ್ಲಿ, ವರ್ಷವನ್ನು ಕೊರೆದಿಡಿ. ಮುಂದೆ ಬರುವವರಿಗೆ ಯಾವುದು ಮೂಲದ್ದು ಎಂಬ ತಲೆನೋವು ತಪ್ಪುತ್ತದೆ.

ಭಾರ ಹೊತ್ತಿರುವ ತೊಲೆಯನ್ನು ಹಾಗೆಯೇ ಕೊಯ್ಯುವಂತಿಲ್ಲ. ಮೊದಲು ಸೇತುವೆಯ ಕೆಳಗೆ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಅಟ್ಟಣೆ ಕಟ್ಟಿ, ಜಾಕ್‌ಗಳಿಂದ ಟ್ರಸ್ಸಿನ ಭಾರವನ್ನು ಅದಕ್ಕೆ ವರ್ಗಾಯಿಸಬೇಕು. ಇಲ್ಲಿ ಅವಸರವೇ ಅಪಾಯ. ದಶಕಗಳಿಂದ ಬಾಗಿ ಅಭ್ಯಾಸವಾದ ಮರವನ್ನು ಒಂದೇ ದಿನದಲ್ಲಿ ನೆಟ್ಟಗೆ ಮಾಡಹೊರಟರೆ ಕೀಲುಗಳು ಸೀಳುತ್ತವೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತಿ, ರಾತ್ರಿ ಮರಕ್ಕೆ ಒಗ್ಗಲು ಬಿಟ್ಟು, ಬೆಳಿಗ್ಗೆ ಪ್ರತಿ ಕೂಡನ್ನೂ ನೋಡಿ ಮುಂದುವರಿಯಬೇಕು. ಗುತ್ತಿಗೆಯ ಕರಾರಿನಲ್ಲಿ ಈ ನಿಧಾನಕ್ಕೆ ಬೇಕಾದ ದಿನಗಳನ್ನು ಮೊದಲೇ ಬರೆಸಿಕೊಳ್ಳದಿದ್ದರೆ ಆಮೇಲೆ ಜಗಳ ಖಂಡಿತ.

ವಾದವಿರುವ ಎರಡು ವಿಷಯಗಳಿವೆ. ಒಂದು, ಪದರ ಪದರವಾಗಿ ಅಂಟಿಸಿ ಮಾಡಿದ ಗ್ಲೂಲ್ಯಾಮ್ ಮರ. ಕಾರ್ನಿಷ್–ವಿಂಡ್ಸರ್ ಸೇತುವೆಯ 1989ರ ದುರಸ್ತಿಯಲ್ಲಿ ತೊಲೆಗಳಿಗೆ ಅದನ್ನು ಬಳಸಿದರು. ಅಷ್ಟು ಉದ್ದದ ಗಟ್ಟಿ ಮರ ಈಗ ಸಿಗುವುದು ದುರ್ಲಭ, ಇಂದಿನ ಕಾರುಗಳ ಭಾರಕ್ಕೆ ಹಳೆಯ ಕೂಡುಗಳು ಸಾಲವು ಎಂಬುದು ಪರವಾದ ಮಾತು. ಮೂಲ ಕಸುಬಿನ ಸಾಕ್ಷ್ಯ ಕಳೆದುಹೋಗುತ್ತದೆ ಎಂಬುದು ವಿರೋಧದ ಮಾತು. ನನ್ನ ಮಟ್ಟಿಗೆ ಅದು ಒಪ್ಪತಕ್ಕ ರಾಜಿ. ಅಲ್ಲಿ ಟ್ರಸ್ ಇವತ್ತಿಗೂ ತನ್ನ ಭಾರವನ್ನು ತಾನೇ ಹೊರುತ್ತಿದೆ. ಎರಡನೆಯದು, ಸೇತುವೆಯ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ ರಸ್ತೆಯನ್ನು ಅವುಗಳ ಮೇಲೆ ಕೂರಿಸುವುದು. ಇದು ಬೇಗ ಆಗುವ, ಲಾರಿಗಳನ್ನೂ ಬಿಡಬಹುದಾದ ಉಪಾಯ. ಆದರೆ ಆಮೇಲೆ ಟ್ರಸ್ ಬರಿಯ ಅಲಂಕಾರ. ಭಾರವಿಲ್ಲದ ಕೀಲುಗಳು ಸಡಿಲವಾದರೂ ಯಾರೂ ಗಮನಿಸುವುದಿಲ್ಲ, ಮೇಲಾಗಿ ಉಕ್ಕು ಕೆಳಗೆ ಇಳಿದಷ್ಟು ಪ್ರವಾಹದ ನೀರಿಗೆ ಹತ್ತಿರವಾಗುತ್ತದೆ. ಅದಕ್ಕಿಂತ, ಪಕ್ಕದಲ್ಲಿ ಕಾಂಕ್ರೀಟಿನ ಸೇತುವೆ ಕಟ್ಟಿ ಹಳೆಯದನ್ನು ನಡೆಯುವವರಿಗೆ ಬಿಡುವುದು ಮೇಲು.

ಮರಕ್ಕೆ ಹೊಳಪಿನ ಲೇಪ ಬಳಿಯುವ ಉತ್ಸಾಹವನ್ನು ತಡೆಯಿರಿ. ದಪ್ಪನೆಯ ಬಣ್ಣವೂ ಪಾಲಿಯುರಿಥೇನ್‌ನಂಥ ಲೇಪವೂ ತೇವವನ್ನು ಒಳಗೇ ಕೂಡಿಹಾಕುತ್ತವೆ. ಅಗತ್ಯವಿದ್ದರೆ ತೊಲೆಯ ತುದಿಗಳಿಗೆ, ಹಾಸುಮರಕ್ಕೆ ಶಿಲೀಂಧ್ರ, ಹುಳುಗಳನ್ನು ತಡೆಯುವ ಬೋರೇಟ್ ದ್ರಾವಣ ಕುಡಿಸಬಹುದು. ಅದು ನೀರಿನಲ್ಲಿ ತೊಳೆದುಹೋಗುವುದರಿಂದ ಮಳೆ ಬೀಳದ ಜಾಗಕ್ಕೆ ಮಾತ್ರ. ಪಕ್ಕದ ಹಲಗೆಗಳ ನಡುವೆ ಗಾಳಿಯಾಡಲು ಸಂದಿ ಇರಲಿ.

ಬೆಂಕಿ, ಲಾರಿ, ಹೊಳೆ, ಗಾಳಿ

ಸ್ವಿಟ್ಜರ್ಲೆಂಡಿನ ಲೂಸರ್ನ್‌ನ ಕಾಪೆಲ್‌ಬ್ರ್ಯೂಕೆ 14ನೆಯ ಶತಮಾನದ ಸೂರಿನ ಸೇತುವೆ, ಉದ್ದ ಸುಮಾರು 200 ಮೀಟರ್. ಅದರ ಮಾಡಿನ ಕೆಳಗಿನ ತ್ರಿಕೋನಗಳಲ್ಲಿ 17ನೆಯ ಶತಮಾನದ ಚಿತ್ರಗಳಿದ್ದವು. 1993ರ ಆಗಸ್ಟಿನ ಒಂದು ರಾತ್ರಿ ಹತ್ತಿದ ಬೆಂಕಿಯಲ್ಲಿ ಸೇತುವೆಯ ಹೆಚ್ಚಿನ ಭಾಗವೂ ಬಹುಪಾಲು ಚಿತ್ರಗಳೂ ಹೋದವು. 1994ರ ಏಪ್ರಿಲ್‌ನಲ್ಲಿ ಸೇತುವೆ ಮತ್ತೆ ತೆರೆಯಿತು, ಸುಟ್ಟ ಚಿತ್ರಗಳು ಮರಳಲಿಲ್ಲ. ಅಮೆರಿಕದಲ್ಲಿ ಕಿಡಿಗೇಡಿಗಳು ಬೇಕೆಂದೇ ಬೆಂಕಿ ಇಟ್ಟ ಪ್ರಕರಣಗಳು ಹಲವಿವೆ. ಅಯೋವದ ಮ್ಯಾಡಿಸನ್ ಕೌಂಟಿಯ ಸೀಡರ್ ಸೇತುವೆ 2002ರಲ್ಲಿ ಸುಟ್ಟುಹೋಗಿ, ಮತ್ತೆ ಕಟ್ಟಿದ್ದೂ 2017ರಲ್ಲಿ ಬೆಂಕಿಗೆ ಸಿಕ್ಕಿತು. ಆದ್ದರಿಂದ ರಾತ್ರಿ ದೀಪ, ಕ್ಯಾಮೆರಾ, ಮಾಡಿನ ಉದ್ದಕ್ಕೂ ಶಾಖ ಗುರುತಿಸುವ ತಂತಿ, ಬೆಂಕಿ ನಿಧಾನಿಸುವ ಲೇಪ, ಹೆಪ್ಪುಗಟ್ಟುವ ಚಳಿಯಿರುವ ಕಡೆ ಬೆಂಕಿ ಹತ್ತಿದಾಗ ಮಾತ್ರ ನೀರು ಬರುವ ಒಣ ಕೊಳವೆಯ ಸಿಂಪಡಣೆ ವ್ಯವಸ್ಥೆ ಇವುಗಳಿಗೆ ಹಣ ಎತ್ತಿಡಿ. ಒಣಹುಲ್ಲು, ಜೇಡರ ಬಲೆ, ಹಕ್ಕಿಗೂಡುಗಳ ಕಸವನ್ನು ತೆಗೆಯಲು ಹಣ ಬೇಡ, ಒಂದು ಭಾನುವಾರ ಸಾಕು.

ಲಾರಿಗಳ ವಿಷಯದಲ್ಲಿ ಫಲಕವನ್ನು ನಂಬಬೇಡಿ. ಫೋನಿನ ನಕ್ಷೆ ನೋಡಿಕೊಂಡು ಬರುವ ಚಾಲಕ ಫಲಕ ಓದುವ ಹೊತ್ತಿಗೆ ಲಾರಿಯ ನೆತ್ತಿ ಒಳಗಿನ ಅಡ್ಡಮರಗಳನ್ನು ಕಿತ್ತಿರುತ್ತದೆ. ಸೇತುವೆಗೆ ಸಾಕಷ್ಟು ಮುಂಚೆ, ಲಾರಿ ತಿರುಗಿಸಿಕೊಳ್ಳಲು ಜಾಗವಿರುವ ಕಡೆ, ಎತ್ತರಕ್ಕೆ ಅಡ್ಡಕಂಬಿ ಹಾಕಿಸುವುದೇ ಪರಿಹಾರ.

2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆ ಒಂದೇ ದಿನದಲ್ಲಿ ವರ್ಮಾಂಟಿನ 1870ರ ಬಾರ್ಟನ್ಸ್‌ವಿಲ್ ಸೇತುವೆಯನ್ನೂ, ನ್ಯೂಯಾರ್ಕ್ ರಾಜ್ಯದ ನಾರ್ತ್ ಬ್ಲೆನ್‌ಹೈಮ್‌ನಲ್ಲಿ ನಿಕೊಲಸ್ ಪವರ್ಸ್ 1855ರಲ್ಲಿ ಕಟ್ಟಿದ ಸೇತುವೆಯನ್ನೂ ಒಯ್ದಿತು. ಎರಡನೆಯದರದ್ದು ನಡುವೆ ಕಂಬವೇ ಇಲ್ಲದ ಸುಮಾರು 210 ಅಡಿಯ ಒಂದೇ ಅಂಕಣ. ಅದನ್ನು ಮತ್ತೆ ಕಟ್ಟಿದಾಗ ಹಿಂದಿಗಿಂತ ಎತ್ತರದಲ್ಲಿ ಕೂರಿಸಿದರು. ಸೇತುವೆಯ ಮರ ಎಷ್ಟೇ ಚೆನ್ನಾಗಿದ್ದರೂ ದಡದ ಕಲ್ಲಿನ ಬುಡವನ್ನು ಹೊಳೆ ಕೊರೆದರೆ ಮುಗಿಯಿತು. ಪ್ರತಿ ದೊಡ್ಡ ನೆರೆಯ ಬಳಿಕ ನೀರು ಇಳಿದ ಕೂಡಲೇ ಕಲ್ಲಿನ ಬುಡವನ್ನು ನೋಡಿ, ಸಿಕ್ಕಿಕೊಂಡ ಮರಗಿಡಗಳನ್ನು ತೆಗೆಸಿ. ಗಾಳಿಯನ್ನೂ ಹಗುರವಾಗಿ ಕಾಣುವಂತಿಲ್ಲ. ನ್ಯೂ ಹ್ಯಾಂಪ್‌ಶೈರಿನ ಹೇವರಿಲ್ ಬಳಿ ಇದ್ದ 1866ರ ಬೆಡೆಲ್ ಸೇತುವೆಯನ್ನು ವರ್ಷಗಳ ಶ್ರಮದಿಂದ ದುರಸ್ತಿ ಮಾಡಿ 1979ರಲ್ಲಿ ತೆರೆದರು. ಅದೇ ವರ್ಷದ ಸೆಪ್ಟೆಂಬರ್‌ನ ಬಿರುಗಾಳಿ ಅದನ್ನು ಹೊಳೆಗೆ ಕೆಡವಿತು. ಮುಚ್ಚಿದ ಸೇತುವೆ ಗಾಳಿಗೆ ಹಾಯಿಪಟದ ಹಾಗೆ. ಎರಡು ಟ್ರಸ್‌ಗಳ ತಲೆಗಳನ್ನು ಕಟ್ಟಿಹಾಕುವ ಮೇಲಿನ ಓರೆ ಮರಗಳು, ಮೂಲೆಗಳ ಮೊಣಕಾಲು ಮರಗಳು ಎಲ್ಲವೂ ಇವೆಯೇ ಎಂದು ಎಣಿಸಿ.

ಹಣದ ಬಗ್ಗೆ ಒಂದು ಮಾತು. 1998ರಲ್ಲಿ ಅಮೆರಿಕದ ಕಾಂಗ್ರೆಸ್ ಚಾರಿತ್ರಿಕ ಸೂರಿನ ಸೇತುವೆಗಳ ರಕ್ಷಣೆಗೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ರೂಪಿಸಿತು. ಅದರ ಫಲವಾಗಿ ಹಲವು ಸಂಶೋಧನೆಗಳೂ, 2005ರಲ್ಲಿ ಫೆಡರಲ್ ಹೆದ್ದಾರಿ ಆಡಳಿತದ ವಿವರವಾದ ಕೈಪಿಡಿಯೂ ಬಂದವು. ಎಂಜಿನಿಯರ್ ನೇಮಿಸುವಾಗ ಆ ಕೈಪಿಡಿ ಬಲ್ಲವರೇ, ಮರದ ಕೀಲುಗಳ ಲೆಕ್ಕ ಮಾಡಿದ ಅನುಭವವಿದೆಯೇ ಎಂದು ಕೇಳಿ. ಉಕ್ಕು, ಕಾಂಕ್ರೀಟಿನಲ್ಲೇ ಪಳಗಿದವರು ತಮಗೆ ಗೊತ್ತಿಲ್ಲದ ಮರವನ್ನು ದುರ್ಬಲವೆಂದು ಬರೆದುಬಿಡುವುದು ಸಹಜ.

ವರ್ಷದ ಕೆಲಸ

ದೊಡ್ಡ ದುರಸ್ತಿಗಿಂತ ಸೇತುವೆಗೆ ಆಯುಷ್ಯ ಕೊಡುವುದು ಪೊರಕೆ. ಹಿಂದೆ ಚಳಿಗಾಲದಲ್ಲಿ ಊರುಗಳು ಆಳು ನೇಮಿಸಿ ಸೇತುವೆಯೊಳಗೆ ಹಿಮವನ್ನು ಹಾಸುತ್ತಿದ್ದವು. ಹೊರಗೆ ಹಿಮದ ಮೇಲೆ ಜಾರುವ ಗಾಡಿಗಳು ಒಳಗಿನ ಬರಿಹಲಗೆಯ ಮೇಲೆ ಕದಲುತ್ತಿರಲಿಲ್ಲ. ಈಗ ಮಾಡಬೇಕಾದ್ದು ಅದಕ್ಕೆ ತಿರುವುಮುರುವು: ಗಾಡಿಗಳು ಹೊತ್ತು ತಂದದ್ದನ್ನು ಹೊರಹಾಕುವುದು. ಹಿಮ ಕರಗಿದ ಮೇಲೆ ಒಮ್ಮೆ, ಎಲೆ ಉದುರಿದ ಮೇಲೆ ಒಮ್ಮೆ, ನೆಲಹಲಗೆಯನ್ನು ಗುಡಿಸಿ, ಕೆಳಗಿಳಿದು ತೊಲೆಗಳ ತುದಿಯಲ್ಲಿ ಕೂತ ಮಣ್ಣನ್ನು ಸಣ್ಣ ಗುದ್ದಲಿಯಿಂದ ಕೆರೆದು ತೆಗೆಯಿರಿ. ಬಾಗಿಲ ಹತ್ತಿರ ರಸ್ತೆಗೆ ಅಡ್ಡವಾಗಿರುವ ಚರಂಡಿ ಕಟ್ಟಿದ್ದರೆ ಬಿಡಿಸಿ. ಸರಿದ ಮರದ ಹಂಚು ಅಥವಾ ತಗಡನ್ನು ಅದೇ ವಾರ ಕೂರಿಸಿ. ಒಂದು ಹಂಚಿನ ಜಾಗದಿಂದ ಬಿದ್ದ ನೀರು ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಒಂದು ಓರೆ ಮರವನ್ನು ಬಲಿ ತೆಗೆದುಕೊಳ್ಳಬಲ್ಲದು. ಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟ ಗಿಡಗಳನ್ನು ಎಳೆಯದರಲ್ಲೇ ಕೀಳಿ.

ಗುಡಿಸಲು ಸೇರಿದ ದಿನ ಬೆಳಿಗ್ಗೆ, ಗಾಡಿಗಳು ಓಡಾಡುವ ಮುನ್ನ, ಹಿಂದಿನ ವರ್ಷ ಹೊಡೆದ ಅದೇ ಮೊಳೆಗಳಿಗೆ ದಾರ ಕಟ್ಟಿ ಜೋಲನ್ನು ಅಳೆದು, ತಾರೀಖು ಮತ್ತು ಹವೆಯ ಸಮೇತ ಪ್ರತಿ ವರ್ಷವೂ ಒಂದೇ ಪುಸ್ತಕದಲ್ಲಿ ಬರೆಯಿರಿ. ಪುಸ್ತಕದ ಒಂದು ಪ್ರತಿ ಊರಿನ ಗುಮಾಸ್ತರ ಕಚೇರಿಯಲ್ಲಿರಲಿ, ಇನ್ನೊಂದು ಗ್ರಂಥಾಲಯದಲ್ಲಿ.